ಮುತ್ತಜ್ಜನ ಹಿಂದಿನವರನ್ನು ಹುಡುಕಿದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಶಿರಾ ಮೊಮ್ಮಗಳು:
ನಮ್ಮ ತಾತ ಶಿರಾ ತಾಲ್ಲೂಕಿನ ಒಂದು ಹಳ್ಳಿಯಿಂದ 1943ರಲ್ಲಿ ಬೆಂಗಳೂರಿಗೆ ಬಂದವರು. ಮಿಲ್ಲಿನಲ್ಲಿ ಕೆಲಸ. ಊರಲ್ಲಿ ಈಗ ನಮ್ಮದು ಅಂತ ಏನೂ ಇಲ್ಲ. ತಾತನ ಅಪ್ಪನ ಹೆಸರು ಗೊತ್ತು, ಅದರ ಹಿಂದೆ ಯಾರಿದ್ದರೋ ಗೊತ್ತಿಲ್ಲ. ಮನೆಯಲ್ಲಿ ಒಂದು ಹಿತ್ತಾಳೆ ಕೊಳಗ ಉಳಿದಿದೆ. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು, ಪಕ್ಕದಲ್ಲಿ 'ಧಾತು ಸಂ|| ಕಾರ್ತೀಕ' ಅಂತ ಕೊರೆದಿದ್ದಾರೆ. ಆ ಹೆಸರಿನವರು ಯಾರು ಅಂತ ಅಪ್ಪನಿಗೂ ಗೊತ್ತಿಲ್ಲ. ಅಪ್ಪನಿಗೆ ಈಗ 81. ಅವರು ಇರುವಾಗಲೇ ಇದನ್ನು ತಿಳಿದು ಹೇಳಬೇಕು ಅಂತ ಆಸೆ. ಆಸ್ತಿಗಾಗಿ ಅಲ್ಲ. ಎಲ್ಲಿಂದ ಶುರು ಮಾಡಲಿ?

ಹಾಸನದ ಮೇಷ್ಟ್ರು:
ನಾನು ನಿವೃತ್ತನಾದ ಮೇಲೆ ಮೂರು ವರ್ಷ ಇದನ್ನೇ ಹಿಡಿದು ಕೂತವನು. ಖರ್ಚೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಒಟ್ಟು 31,460 ರೂಪಾಯಿ. ಅದರಲ್ಲಿ ನಕಲು ಶುಲ್ಕ 4,000 ಕೂಡ ಇಲ್ಲ. ಉಳಿದದ್ದು ಬಸ್ಸು, ಊಟ, ಜೆರಾಕ್ಸು. ತಾಲ್ಲೂಕು ಕಚೇರಿಗೆ 19 ಸಲ ಹೋದೆ. ಏಳು ಸಲ ರೆಕಾರ್ಡ್ ರೂಮಿನ ಬಾಗಿಲೇ ತೆರೆದಿರಲಿಲ್ಲ. ನಾಲ್ಕು ಸಲ 'ಲಭ್ಯವಿಲ್ಲ' ಅಂತ ಹಿಂಬರಹ ಕೊಟ್ಟರು. ಐದನೇ ಸಲ ಅದೇ ಪುಸ್ತಕ ಅದೇ ಬೀರುವಿನಲ್ಲಿ ಸಿಕ್ಕಿತು.

ಆದರೆ ನನಗೆ ಈಗಲೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ನಮ್ಮ ಊರಿನ ಹಳೇ ಕೈಬರಹದ ಪಹಣಿಯಲ್ಲಿ 'ತಿಮ್ಮೇಗೌಡ ಬಿನ್ ನಂಜೇಗೌಡ' ಅಂತ ಇದ್ದದ್ದು ನೋಡಿ ಇವರೇ ಅಂದುಕೊಂಡೆ. ಅಲ್ಲಿಂದ ಹಿಂದಕ್ಕೆ ಹಕ್ಕು ಬದಲಾವಣೆಯ ಪುಸ್ತಕ, ಸಬ್ ರಿಜಿಸ್ಟ್ರಾರ್ ಕಚೇರಿಯ ಇಂಡೆಕ್ಸು ಎಲ್ಲ ಹಿಡಿದು ಹೋದೆ. ಒಂದೂವರೆ ವರ್ಷ. ಕೊನೆಗೆ ನೋಡಿದರೆ ಅದೇ ಊರಲ್ಲಿ ಅದೇ ಕಾಲಕ್ಕೆ ಅದೇ ಹೆಸರಿನವರು ಮೂವರು! ನಾನು ಹಿಡಿದಿದ್ದು ಮೇಲಿನ ಕೇರಿಯವರ ವಂಶ. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಹೆಸರು ಮೂವರಿಗೆ ಇರಬಹುದು, ಪೂರ್ವಕ್ಕೆ ಅದೇ ಹಳ್ಳ, ಪಶ್ಚಿಮಕ್ಕೆ ಅದೇ ಬೇಲಿ ಇರುವುದು ಒಬ್ಬರಿಗೆ ಮಾತ್ರ. ಪತ್ರ ಕೈಗೆ ಬಂದರೆ ಹೆಸರಿಗಿಂತ ಮೊದಲು ಚಕ್ಕುಬಂದಿ ಓದಿ.

ಗದಗಿನ ಪಾಟೀಲ:
ಮೇಷ್ಟ್ರೇ, 31 ಸಾವಿರ ಖರ್ಚು ಮಾಡಿ ಕಚೇರಿ ಮೆಟ್ಟಿಲು ಸವೆಸೋದು ಯಾಕ್ರೀ? ನಮ್ಮ ಕಡೆ ಮನೆತನದ ವಂಶಾವಳಿ ಹೇಳುವ ಹೆಳವರು ಇದ್ದಾರೆ. ಎತ್ತಿನ ಮೇಲೆ ಕುಂತು, ಗಂಟೆ ಬಾರಿಸುತ್ತ ಬರುತ್ತಾರೆ. ಹೋದ ಸುಗ್ಗಿಯಲ್ಲಿ ನಮ್ಮ ಮನೆತನದ ಹೆಳವ ಬಂದಿದ್ದ. ಕಟ್ಟೆ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿದ, ಆದರೆ ಓದಲಿಲ್ಲ. ಕಣ್ಣು ಮುಚ್ಚಿ ಹೇಳುತ್ತ ಹೋದ. ಒಂಬತ್ತು ತಲೆಮಾರು! ಮೂಲ ಊರು ಯಾವುದು, ಅಲ್ಲಿಂದ ಯಾಕೆ ಗುಳೆ ಎದ್ದರು, ಯಾವ ಅಣ್ಣತಮ್ಮ ಎಲ್ಲಿ ಬೇರೆಯಾದರು, ಎಲ್ಲ ಹೇಳಿದ. ನಮ್ಮ ಕಾಕಾ ಪಕ್ಕದಲ್ಲಿ ಕೂತು ಅತ್ತರು. ಎರಡು ಚೀಲ ಜೋಳ, ಐದು ಸಾವಿರ ರೂಪಾಯಿ, ಧೋತರ, ಸೀರೆ ಕೊಟ್ಟು ಕಳಿಸಿದೆವು. ಒಂದು ರೂಪಾಯಿಯೂ ದಂಡ ಅಲ್ಲ.

ಮಲೆನಾಡಿನ ಅಕ್ಕ:
ಪಾಟೀಲರೇ, ಆ ಒಂಬತ್ತು ತಲೆಮಾರಿನಲ್ಲಿ ಹೆಂಗಸರ ಹೆಸರು ಎಷ್ಟು ಬಂತು?

ಗದಗಿನ ಪಾಟೀಲ:
ವಂಶಾವಳಿ ಅಂದ್ರೆ ಗಂಡುಮಕ್ಕಳ ಸಾಲು, ಅಕ್ಕಾ. ಮೊದಲಿಂದ ನಡೆದು ಬಂದಿದ್ದು ಹಾಗೇ.

ಮಲೆನಾಡಿನ ಅಕ್ಕ:
ಅದಕ್ಕೇ ಕೇಳಿದ್ದು. ನಾನು ಹುಡುಕಿದ್ದು ನನ್ನ ಅಜ್ಜಿಯ ತಾಯಿಯನ್ನು. ಶರಾವತಿ ಮುಳುಗಡೆಯಲ್ಲಿ ಮನೆ ಹೋಯಿತು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಜ್ಜಿಯ ಕೈಯಲ್ಲಿ ಒಂದು ಟ್ರಂಕು, ಒಂದು ಬೀಸುಕಲ್ಲು ಅಷ್ಟೇ. ಊರೇ ಇಲ್ಲದ ಮೇಲೆ ದಾಖಲೆ ಎಲ್ಲಿ ಅಂತ ಎಲ್ಲರೂ ನಕ್ಕರು. ಪರಿಹಾರದ ಕಡತ ಹುಡುಕಿ ಅಂತ ಒಬ್ಬ ಹಳೇ ಗುಮಾಸ್ತರು ಹೇಳಿದರು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. 30 ದಿನ ಅಂತ ಕಾನೂನು. ನನಗೆ ಉತ್ತರ ಬಂದಿದ್ದು ಎರಡು ಮೇಲ್ಮನವಿ ಆದ ಮೇಲೆ, 14 ತಿಂಗಳಿಗೆ. ಬಂದ ಪುಟ ಆರು. ಆರರಲ್ಲಿ ಒಂದರಲ್ಲಿ ಅಜ್ಜಿಯ ಅಮ್ಮ ಇದ್ದರು. ಹೆಸರು, ಮುಂದೆ 'ಕೋಂ' (ಇಂಥವರ ಹೆಂಡತಿ ಅಂತ), ಆಮೇಲೆ ಗಂಡನ ಹೆಸರು, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಮಧ್ಯೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಅಡಿಕೆ ಸುಲಿಯುವಾಗ ಆದ ಗಾಯದ ಕಲೆ ಅಂತ ಅಮ್ಮ ಹೇಳಿದರು.

ಆಗೆಲ್ಲ ಹೆಚ್ಚಾಗಿ ಗಂಡ ಸತ್ತು ಖಾತೆ ಬದಲಾದರೆ ಹೆಣ್ಣಿನ ಹೆಸರು ಪುಸ್ತಕಕ್ಕೆ ಬರುತ್ತಿತ್ತು. ಗಂಡ ಬದುಕಿದ್ದರೆ ಅವಳು ಇರುತ್ತಲೇ ಇರಲಿಲ್ಲ. ಇದನ್ನು 'ನಡೆದು ಬಂದಿದ್ದು' ಅಂತ ಸುಮ್ನೆ ಬಿಡಲಿಕ್ಕೆ ನನಗೆ ಆಗುವುದಿಲ್ಲ.

ಗದಗಿನ ಪಾಟೀಲ:
ನಾನೇನು ಹೆಂಗಸರಿಗೆ ವಿರುದ್ಧ ಮಾತಾಡಿದೆನಾ? ಹೆಳವ ಹೇಳಿದ್ದು ನನ್ನ ತಪ್ಪಾ?

ಮಂಗಳೂರು ಬಂದರು:
ನಮ್ಮ ಮಂಗಳೂರು ಕ್ಯಾಥೋಲಿಕರಲ್ಲಿ ತಾಯಿಯ ಹೆಸರು ಸಿಗುತ್ತದೆ. ಇಗರ್ಜಿಯ (ಚರ್ಚಿನ) ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆ, ತಾಯಿ, ಮಗುವನ್ನು ಎತ್ತಿಕೊಂಡವರು, ಎಲ್ಲರ ಹೆಸರೂ ಬರೆಯುತ್ತಿದ್ದರು. ಲ್ಯಾಟಿನ್‌ನಲ್ಲಿ ಇರುತ್ತದೆ, ಎರಡು ದಿನ ಕೂತರೆ ಓದಲು ಬರುತ್ತದೆ. ನಮ್ಮ ಮನೆತನ 1800ರ ಆಚೀಚೆಗೆ ನಿಂತಿದೆ. 1784ರಲ್ಲಿ ಟಿಪ್ಪು ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಇಗರ್ಜಿಗಳನ್ನು ಕೆಡವಿದರು, ಪುಸ್ತಕಗಳೂ ಹೋದವು. 1799ರ ನಂತರ ವಾಪಸ್ ಬಂದವರಿಂದ ಹೊಸದಾಗಿ ಶುರು. ಅದಕ್ಕೂ ಹಿಂದೆ ಬೇಕಾದರೆ ನಮ್ಮವರು ಬಂದ ಗೋವಾಕ್ಕೇ ಹೋಗಬೇಕು. ನಾನು ಹೋಗಿ ಪಣಜಿಯಲ್ಲಿ ಹನ್ನೊಂದು ದಿನ ಇದ್ದು, 26 ಸಾವಿರ ಕಳೆದುಕೊಂಡು, ಊರಿನ ಹೆಸರೇ ತಪ್ಪು ಅಂತ ತಿಳಿದು ಬಂದೆ.

ಮೈಸೂರು ಹುಲಿ:
ಟಿಪ್ಪು ವಿಷಯ ಸುಮ್ನೆ ಹೇಳಬೇಡಿ. ಪೂರ್ತಿ ಇತಿಹಾಸ ಓದಿ.

ಮಂಗಳೂರು ಬಂದರು:
ನಮ್ಮ ಮನೆಯ ಐದು ಜನ ಆ ಸೆರೆಯಿಂದ ವಾಪಸ್ ಬರಲಿಲ್ಲ. ನಾನು ಓದಬೇಕಾದ ಇತಿಹಾಸ ಯಾವುದು ಅಂತ ನೀವೇ ಹೇಳಿ.

ಶಿರಾ ಮೊಮ್ಮಗಳು:
ದಯವಿಟ್ಟು ಟಿಪ್ಪು ಜಗಳ ಇಲ್ಲಿ ಬೇಡ. ನನ್ನ ಕೊಳಗದ ಬಗ್ಗೆ ಯಾರಾದರೂ ಹೇಳಿ. ಧಾತು ಸಂವತ್ಸರ ಅಂದರೆ ಯಾವ ಇಸವಿ?

ಪಂಚಾಂಗ ಪ್ರಿಯ:
ಧಾತು ಅಂದರೆ 1936-37. ನಿಮ್ಮ ಮುತ್ತಜ್ಜನೇ ಮಾಡಿಸಿರಬೇಕು.

ಕೋಲಾರದ ಕಾಕಿ:
ಅಷ್ಟು ಸುಲಭವಾಗಿ ಹೇಳಬೇಡಿ. ಸಂವತ್ಸರ 60 ವರ್ಷಕ್ಕೆ ಒಮ್ಮೆ ತಿರುಗುತ್ತದೆ. 1936 ಧಾತು ಹೌದು, 1876 ಕೂಡ ಧಾತು, ಅದರ ಮರುವರ್ಷ ಈಶ್ವರ. ಧಾತು ಈಶ್ವರ ಬರ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಆ ಎರಡು ವರ್ಷದ ಬರವನ್ನೇ. 1871ರ ಗಣತಿಯಲ್ಲಿ ಮೈಸೂರು ಸೀಮೆಯಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ಇದ್ದರು. 1881ಕ್ಕೆ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದ ಹುಟ್ಟು ಸೇರಿಸಿಯೂ ಅಷ್ಟು ಕಡಿಮೆ! ಶಿರಾ, ಪಾವಗಡ, ನಮ್ಮ ಕೋಲಾರ ಎಲ್ಲ ಬರದ ಬಾಯಿಗೆ ಸಿಕ್ಕ ಊರುಗಳು. ನಮ್ಮ ವಂಶ ಅಲ್ಲಿಗೆ ಕಡಿದುಹೋಗಿದೆ. ಬರದಲ್ಲಿ ಉಳಿದ ಒಬ್ಬ ಹುಡುಗನಿಂದ ನಾವೆಲ್ಲ. ಅವನ ಅಪ್ಪನ ಹೆಸರು ಅವನಿಗೇ ಗೊತ್ತಿರಲಿಲ್ಲವಂತೆ.

ಪಂಚಾಂಗ ಪ್ರಿಯ:
ಬರದ ವರ್ಷ ಯಾರಾದರೂ ಕೊಳಗ ಮಾಡಿಸುತ್ತಾರಾ? 1936 ಅಂತ ಅದಕ್ಕೇ ಹೇಳಿದ್ದು.

ಕೋಲಾರದ ಕಾಕಿ:
ಮಾಡಿಸುವುದಿಲ್ಲ, ಮಾರುತ್ತಾರೆ. ಹೊಟ್ಟೆಗಿಲ್ಲದವರು ಪಾತ್ರೆ ಪಡಗ ಮಾರಿದರು, ಕಾಳು ಇದ್ದವರು ಕೊಂಡುಕೊಂಡು ತಮ್ಮ ಹೆಸರು ಹಾಕಿಸಿದರು. ನಮ್ಮ ಮನೆಯಲ್ಲಿ ಹಾಗೆ ಹೋದ ಪಾತ್ರೆಗಳ ಲೆಕ್ಕ ಅಜ್ಜಿ ಬಾಯಲ್ಲಿ ಹೇಳುತ್ತಿದ್ದರು: ಎರಡು ಹಂಡೆ, ಒಂದು ಕೊಪ್ಪರಿಗೆ, ನಾಲ್ಕು ತಂಬಿಗೆ. ನೋಡಮ್ಮ, ಕೊಳಗದಲ್ಲಿ ತಿಥಿ, ವಾರ ಎರಡೂ ಇದ್ದರೆ ಯಾವ ಧಾತು ಅಂತ ಲೆಕ್ಕ ಹಾಕಿ ಹೇಳಬಹುದು. ಬರೀ ಮಾಸದಿಂದ ಆಗುವುದಿಲ್ಲ.

ಕಲಬುರಗಿ ಸೇಡಂ ರಸ್ತೆ:
ಇಸವಿ ವಿಷಯ ಬಂತು ಅಂತ ಹೇಳುತ್ತೇನೆ. ನಿಜಾಮರ ಕಾಲದ ನಮ್ಮ ಕಾಗದ ಎಲ್ಲ ಉರ್ದು. ಓದಿಸಲು ಪುಟಕ್ಕೆ 300 ಕೊಟ್ಟೆ, 42 ಪುಟ. ಅಂದರೆ 12,600. ಓದಿದವರು ಇಸವಿ 1340 ಅಂತ ಕಂಡು, ಹಿಜರಿ ಅಂದುಕೊಂಡು 1921 ಅಂತ ಬರೆದುಕೊಟ್ಟರು. ಅದರ ಪ್ರಕಾರ ನಮ್ಮ ಅಜ್ಜ ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಹೊಲ ಅವನ ಹೆಸರಿಗೆ! ಎಂಟು ತಿಂಗಳು ಅದೇ ಹೆಸರಿನ ಇನ್ನೊಬ್ಬ ಅಜ್ಜನನ್ನು ಹುಡುಕಿದೆವು. ಆಮೇಲೆ ಒಬ್ಬ ಹಿರಿಯ ವಕೀಲರು ಕಾಗದ ಕೈಗೆ ತೆಗೆದುಕೊಂಡು, ಇದು ಫಸಲಿ, ಕಂದಾಯ ಲೆಕ್ಕದ ಇಸವಿ, 590 ಕೂಡಿಸು ಅಂದರು. 1930. ಅಪ್ರಾಪ್ತ ಹುಡುಗನ ಹೆಸರಿಗೆ, ತಾಯಿ ಪಾಲಕಿ. ಎಲ್ಲ ಸರಿ ಹೋಯಿತು. ಆ 12,600 ಮಾತ್ರ ವಾಪಸ್ ಬರಲಿಲ್ಲ.

ಶಾನುಭೋಗರ ಮನೆ:
ನಮ್ಮ ಅಜ್ಜ ಮೂರು ಹಳ್ಳಿಗೆ ಲೆಕ್ಕ ಬರೆಯುವ ಶಾನುಭೋಗರು. ಅಟ್ಟದ ತುಂಬ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಹಲಗೆಯಂತೆ ಮಾಡಿ, ಮಡಿಚಿ, ಬಳಪದಲ್ಲಿ ಬರೆದದ್ದು. ಬಿಚ್ಚಿದರೆ ನಡುಮನೆ ಉದ್ದಕ್ಕೂ ಬರುತ್ತಿತ್ತು. ನಾನು ಚಿಕ್ಕವನಿದ್ದಾಗ ಅದನ್ನು ಹರಿದು ಬಚ್ಚಲ ಒಲೆಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಗೆದ್ದಲು ಹಿಡಿದಿದೆ ಅಂತ ದೊಡ್ಡಪ್ಪನೇ ಹಾಕಿದರು. ಮೂರು ಊರಿನ ನೆನಪು ಎರಡು ದಿನದ ಸ್ನಾನಕ್ಕೆ ಮುಗಿಯಿತು. ಈಗ ಜನ ಬಂದು ನಿಮ್ಮ ಮನೆಯಲ್ಲಿ ಏನಾದರೂ ಇದೆಯಾ ಅಂತ ಕೇಳಿದಾಗ ಮುಖ ಎತ್ತಲು ಆಗುವುದಿಲ್ಲ. ಅಮ್ಮಾ, ನಿಮ್ಮ ಊರಿನ ಶಾನುಭೋಗರ ಮನೆಯವರು ಎಲ್ಲಿದ್ದಾರೆ ಹುಡುಕಿ. ಎಲ್ಲರೂ ಸುಟ್ಟಿರುವುದಿಲ್ಲ.

ಹಟ್ಟಿಯ ಮಗ:
ಸ್ವಾಮಿ, ಆ ಕಡತದಲ್ಲಿ ನಮ್ಮ ತಾತನ ಹೆಸರು ಹೇಗೆ ಬರೆದಿದ್ದರು? ನಮ್ಮ ಕಡೆ ಸಿಕ್ಕ ಪುಸ್ತಕದಲ್ಲಿ 'ತೋಟಿ' (ಊರ ಚಾಕರಿಯವನು) ಅಂತ ಮಾತ್ರ ಇದೆ. ಹೆಸರಿಲ್ಲ. ಪಕ್ಕದಲ್ಲಿ ಎತ್ತಿಗೆ ಬಣ್ಣ ಸಮೇತ ವಿವರ ಇದೆ. ಜಮೀನು ಇಲ್ಲದವನಿಗೆ ಪಹಣಿ ಇಲ್ಲ, ಪತ್ರ ಇಲ್ಲ, ಹೆಳವನೂ ಬರಲಿಲ್ಲ. ಇಲ್ಲಿ ಎಲ್ಲರೂ ಒಂಬತ್ತು ತಲೆಮಾರು, ಹತ್ತು ತಲೆಮಾರು ಅನ್ನುತ್ತಿದ್ದೀರಿ. ನಾನು ಮೂರಕ್ಕೆ ಹೋಗಲು ಆರು ವರ್ಷ ಒದ್ದಾಡಿದೆ.

ಶಾನುಭೋಗರ ಮನೆ:
ನಮ್ಮ ಅಜ್ಜ ಯಾರಿಗೂ ಅನ್ಯಾಯ ಮಾಡಿದವರಲ್ಲ. ಸರ್ಕಾರ ಕೇಳಿದ ರೀತಿ ಬರೆದರು.

ಹಟ್ಟಿಯ ಮಗ:
ನಿಮ್ಮ ಅಜ್ಜನ ಮೇಲೆ ಆರೋಪ ಮಾಡುತ್ತಿಲ್ಲ. ಹೆಸರು ಬರೆಯಲು ಒಂದು ಗೆರೆ ಜಾಗ ಸಾಕಿತ್ತು ಅಂತ ಹೇಳುತ್ತಿದ್ದೇನೆ. ನನಗೆ ಕೊನೆಗೆ ದಾರಿ ಸಿಕ್ಕಿದ್ದು ಮರುಮಂಜೂರಾತಿ ಕಡತದಲ್ಲಿ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ಆಮೇಲೆ ತೋಟಿ, ತಳವಾರ, ನೀರಗಂಟಿ ಚಾಕರಿಯ ಇನಾಂ ಜಮೀನು ಮತ್ತೆ ತಮ್ಮ ಹೆಸರಿಗೆ ಆಗಲಿ ಅಂತ ಜನ ಅರ್ಜಿ ಹಾಕಿದರು. ನಮ್ಮ ತಾತನ ಅಣ್ಣನ ಅರ್ಜಿಯಲ್ಲಿ ಹೇಳಿಕೆ ಇತ್ತು. 'ನಮ್ಮ ತಂದೆ ಇಂಥವರು, ಅವರ ತಂದೆ ಇಂಥವರು, ಸರದಿಯಂತೆ ಚಾಕರಿ ಮಾಡಿರುತ್ತೇವೆ' ಅಂತ. ಮೂರು ಹೆಸರು. ಎರಡು ಎಕರೆ ನಾಲ್ಕು ಗುಂಟೆಯಲ್ಲಿ ಈಗ ಒಂದು ಗುಂಟೆಯೂ ನಮ್ಮ ಹತ್ತಿರ ಇಲ್ಲ. ಆ ಹಾಳೆಯನ್ನು ಮಾತ್ರ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಹಾಸನದ ಮೇಷ್ಟ್ರು:
ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಊರಿನ ತಳವಾರರ ಮನೆಯ ಹುಡುಗ ಒಬ್ಬ ಕೇಳಿದಾಗ ಏನೂ ಸಿಗುವುದಿಲ್ಲ ಅಂತ ಕಳಿಸಿಬಿಟ್ಟೆ. ನಾಳೆಯೇ ಅವನಿಗೆ ಫೋನ್ ಮಾಡುತ್ತೇನೆ.

ದಾವಣಗೆರೆ ಎಕ್ಸ್‌ಪ್ರೆಸ್:
ಇಷ್ಟೆಲ್ಲ ಯಾಕೆ? ಕಚೇರಿ ಹೊರಗೆ ಕೂರುವವರ ಕೈಗೆ ಮೂರು ಸಾವಿರ ಇಡಿ. ವಾರದಲ್ಲಿ ವಂಶವೃಕ್ಷ ಬರುತ್ತದೆ. ನನಗೆ ಬಂತು.

ಮಲೆನಾಡಿನ ಅಕ್ಕ:
ನಿಮಗೆ ಬಂದದ್ದು ವಂಶವೃಕ್ಷದ ಪ್ರಮಾಣಪತ್ರ. ನೀವೇ ಅಫಿಡವಿಟ್‌ನಲ್ಲಿ ಬರೆದುಕೊಟ್ಟ ಹೆಸರಿಗೆ ಸೀಲು ಹಾಕಿ ವಾಪಸ್ ಕೊಟ್ಟಿರುತ್ತಾರೆ. ಈಕೆಗೆ ಗೊತ್ತಿಲ್ಲದ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು? ನಿಮ್ಮಂಥವರು ಕೈಗೆ ದುಡ್ಡು ಇಟ್ಟಿದ್ದಕ್ಕೇ ನಾವು ಹತ್ತು ರೂಪಾಯಿ ಅರ್ಜಿ ಹಿಡಿದು 14 ತಿಂಗಳು ಕಾಯುವುದು.

ದಾವಣಗೆರೆ ಎಕ್ಸ್‌ಪ್ರೆಸ್:
ನನ್ನ ತಾಯಿ ಆಸ್ಪತ್ರೆಯಲ್ಲಿದ್ದರು. ಹೊಲ ಮಾರಬೇಕಿತ್ತು. 14 ತಿಂಗಳು ಕಾಯಲು ನನಗೆ ಪುರುಸೊತ್ತು ಇರಲಿಲ್ಲ ಅಕ್ಕಾ.

ಮಲೆನಾಡಿನ ಅಕ್ಕ:
ಅದು ಗೊತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಆದರೆ ಈಕೆಗೆ ಆ ದಾರಿ ಹೇಳಬೇಡಿ.

ಶಿರಾ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ಕೋಲಾರದ ಕಾಕಿ ಹೇಳಿದ ತಿಥಿ, ವಾರ ಇದೆಯಾ ಅಂತ ನೋಡಲು ಕೊಳಗವನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಅಪ್ಪನೂ ಪಕ್ಕದಲ್ಲಿ ಕೂತಿದ್ದರು. 'ಕಾರ್ತೀಕ' ಆದ ಮೇಲೆ 'ಶು||' (ಶುಕ್ಲ ಪಕ್ಷ) ಕಾಣುತ್ತದೆ, ಕೊನೆಗೆ 'ಸೋಮ' ಅಂತ ಓದಬಹುದು. ನಡುವೆ ತಿಥಿ ಇರಬೇಕಾದ ಜಾಗಕ್ಕೆ ಸರಿಯಾಗಿ ಒಂದು ಬೆಸುಗೆಯ ತೇಪೆ ಬಿದ್ದಿದೆ. ಹೆಸರಿನ ಕೆಳಗೆ ಇನ್ನೊಂದು ಹೆಸರು ತಟ್ಟಿ ಅಳಿಸಿದ ಹಾಗೆ ಗುಳಿ ಗುಳಿ ಇದೆ. ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಅಪ್ಪ ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಕೋಲಾರದ ಕಾಕಿ:
ಅಳಿಸಿದ ಹೆಸರಿನ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ಉಜ್ಜಮ್ಮ. ಅಕ್ಷರ ಮೇಲೆ ಬಂದರೆ ಇಲ್ಲಿ ಹಾಕು. ನಮ್ಮ ಕೊಪ್ಪರಿಗೆಯ ಮೇಲೂ ಒಂದು ಹೆಸರು ಇತ್ತಂತೆ.