ಟಚ್ ಪ್ಯಾನೆಲ್, ಸ್ಕಾಡಾ ಕಲಿಯಲು ಎಲ್ಲಿಂದ ಶುರು ಮಾಡಬೇಕು? ದಾವಣಗೆರೆ–ಚಿತ್ರದುರ್ಗ ಕಡೆಯವರ ಅನುಭವ

ಕೇಳಿದವರು: ಭತ್ತದ ಮಿಲ್ಲಿನ ಎಲೆಕ್ಟ್ರಿಷಿಯನ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಇಲ್ಲೇ ಒಂದು ಭತ್ತದ ಮಿಲ್ಲಿನಲ್ಲಿ ಕೆಲಸಕ್ಕಿದ್ದೇನೆ. ಮೋಟಾರು, ಸ್ಟಾರ್ಟರು, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಎಲ್ಲ ನೋಡಿಕೊಳ್ಳುತ್ತೇನೆ. ಈಗ ಮಿಲ್ಲಿಗೆ ಕುಸುಬಲಕ್ಕಿಯ ಹೊಸ ಲೈನು ಬರುತ್ತಿದೆ. ನೆನೆಸುವ ಟ್ಯಾಂಕು, ಡ್ರೈಯರ್ ಎರಡಕ್ಕೂ ಪಿಎಲ್‌ಸಿ (ಮೆಷಿನ್ ನಡೆಸುವ ಸಣ್ಣ ಕಂಪ್ಯೂಟರ್), ಜೊತೆಗೆ 7 ಇಂಚಿನ ಟಚ್ ಪ್ಯಾನೆಲ್. ಮಾಲೀಕರು "ಇದನ್ನ ನೀನೇ ನೋಡ್ಕೋ" ಅಂದಿದ್ದಾರೆ. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಲ್ಯಾಡರ್ ಸ್ವಲ್ಪ ಗೊತ್ತು. ಪ್ಯಾನೆಲ್‌ಗೆ ಸ್ಕ್ರೀನ್ ಮಾಡುವುದು, ಸ್ಕಾಡಾ (ದೂರದಲ್ಲಿ ಕೂತು ಕಂಪ್ಯೂಟರ್‌ನಲ್ಲಿ ಪ್ಲ್ಯಾಂಟ್ ನೋಡಿ ನಡೆಸುವ ವ್ಯವಸ್ಥೆ), ಇವೆಲ್ಲ ಹೊಸದು. ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡಲೇಬೇಕಾ? ಯಾವ ಸಾಫ್ಟ್‌ವೇರ್ ಮೊದಲು ಕಲಿಯಲಿ? ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೆಂಟೆನೆನ್ಸ್ ವಿಭಾಗ, ಹರಿಹರ

ಮೊದಲು ಒಂದು ಕೆಲಸ ಮಾಡಿ. ಬರುವ ಪ್ಯಾನೆಲ್ ಯಾವ ಕಂಪನಿಯದು, ಯಾವ ಮಾಡೆಲ್ ಅಂತ ಸಪ್ಲೈಯರ್ ಹತ್ತಿರ ಕೇಳಿ ಬರೆದುಕೊಳ್ಳಿ. ನೀವು ಕಲಿಯಬೇಕಾದ ಸಾಫ್ಟ್‌ವೇರ್ ಅದೇ. ಬೇರೆಯವರು ಏನೇ ಹೇಳಲಿ, ಒಂದನ್ನು ಗಟ್ಟಿಯಾಗಿ ಕಲಿತರೆ ಇನ್ನೊಂದಕ್ಕೆ ಹೋಗುವುದು ಸುಲಭ. ಟ್ಯಾಗ್ (ಪಿಎಲ್‌ಸಿಯ ಪ್ರತಿ ಸಿಗ್ನಲ್‌ಗೆ ಕೊಡುವ ಹೆಸರು), ಸ್ಕ್ರೀನ್, ಅಲಾರ್ಮ್, ಟ್ರೆಂಡ್ (ಅಳತೆಯ ಗ್ರಾಫ್), ರೆಸಿಪಿ (ಉಳಿಸಿಟ್ಟ ಸೆಟ್ಟಿಂಗ್‌ಗಳು), ಯೂಸರ್ ಪಾಸ್‌ವರ್ಡ್ ಎಲ್ಲ ಕಂಪನಿಯಲ್ಲೂ ಇವೇ. ಬಟನ್ ಇರುವ ಜಾಗ ಮಾತ್ರ ಬೇರೆ.

ಸೀಮೆನ್ಸ್‌ನ ಬೇಸಿಕ್ ಪ್ಯಾನೆಲ್ ಕೆಟಿಪಿ700 ಬಂದರೆ ಅವರ ಟಿಐಎ ಪೋರ್ಟಲ್ ಸಾಫ್ಟ್‌ವೇರ್ ಬೇಕು. ಬೇಸಿಕ್ ಪ್ಯಾನೆಲ್‌ಗೆ ಸ್ಕ್ರೀನ್ ಮಾಡಲು ಬೇಕಾದ ವಿನ್‌ಸಿಸಿ ಬೇಸಿಕ್ ಅದರ ಜೊತೆಯಲ್ಲೇ ಬರುತ್ತದೆ. ಟ್ರಯಲ್ 21 ದಿನ ಸಿಗುತ್ತದೆ. ಆದರೆ 8 ಜಿಬಿಯಲ್ಲಿ ಅದು ತೆವಳುತ್ತದೆ. 16 ಜಿಬಿ ಮತ್ತು ಎಸ್‌ಎಸ್‌ಡಿ ಹಾಕಿಸಿಕೊಳ್ಳಿ, ಆ ದುಡ್ಡು ದಂಡ ಅಲ್ಲ. ಡೆಲ್ಟಾ ಬಂದರೆ ಡಾಪ್‌ಸಾಫ್ಟ್, ವೈನ್‌ಟೆಕ್ ಬಂದರೆ ಈಸಿಬಿಲ್ಡರ್ ಪ್ರೋ. ಎರಡೂ ಉಚಿತ, ನಿಮ್ಮ ಈಗಿನ ಲ್ಯಾಪ್‌ಟಾಪ್‌ನಲ್ಲೇ ಓಡುತ್ತವೆ. ಪ್ಯಾನೆಲ್ ಕೈಗೆ ಬರುವ ಮೊದಲೇ ಸಿಮ್ಯುಲೇಶನ್‌ನಲ್ಲಿ ಅಭ್ಯಾಸ ಮಾಡಬಹುದು. ಈಸಿಬಿಲ್ಡರ್‌ನಲ್ಲಿ ನಿಜವಾದ ಪಿಎಲ್‌ಸಿಗೆ ಜೋಡಿಸಿದ ಸಿಮ್ಯುಲೇಶನ್ 10 ನಿಮಿಷಕ್ಕೆ ನಿಲ್ಲುತ್ತದೆ. ಮತ್ತೆ ಶುರು ಮಾಡಿದರಾಯಿತು.

ಈಗ ಅಭ್ಯಾಸದ ವಿಷಯ. ಹೊಸಬರು ಬಹಳಷ್ಟು ಜನ ಮೊದಲ ದಿನವೇ ತಿರುಗುವ ಫ್ಯಾನ್, ಹರಿಯುವ ನೀರು, ಬಣ್ಣದ ಟ್ಯಾಂಕು ಬಿಡಿಸಲು ಕೂರುತ್ತಾರೆ. ಬೇಡ. ಒಂದೇ ಒಂದು ಅಳತೆ ತೆಗೆದುಕೊಳ್ಳಿ. ನಿಮ್ಮಲ್ಲಿ ನೆನೆಸುವ ನೀರಿನ ಟೆಂಪರೇಚರ್ ಇದೆಯಲ್ಲ, ಅದೇ ಸಾಕು. ಸೆನ್ಸರ್‌ನಿಂದ ಸ್ಕ್ರೀನ್‌ವರೆಗೆ ಅದನ್ನು ಹಿಂಬಾಲಿಸಿ. ಸೆನ್ಸರ್ ಅಳತೆಯನ್ನು ಕರೆಂಟ್ ಆಗಿ ಕಳಿಸುವ ಟ್ರಾನ್ಸ್‌ಮಿಟರ್ 0ರಿಂದ 200 ಡಿಗ್ರಿಗೆ 4ರಿಂದ 20 ಮಿಲಿಆಂಪ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಸೀಮೆನ್ಸ್ ಪಿಎಲ್‌ಸಿಯಲ್ಲಿ ಅದು 0ರಿಂದ 27648 ಆಗುತ್ತದೆ. 12 ಮಿಲಿಆಂಪ್ ಬಂದಾಗ 13824 ಕಾಣಬೇಕು, ಸ್ಕ್ರೀನ್‌ನಲ್ಲಿ 100 ಡಿಗ್ರಿ ಬರಬೇಕು. ಬರಲಿಲ್ಲ ಅಂದರೆ ಎಲ್ಲಿ ತಪ್ಪಿತು ಅಂತ ಹುಡುಕಿ. ಮಿಲಿಆಂಪ್ ಕೊಡುವ ಕ್ಯಾಲಿಬ್ರೇಟರ್ ಯಾರಾದರೂ ಕೊಟ್ಟರೆ ಒಂದು ದಿನದ ಮಟ್ಟಿಗೆ ಇಸಿದುಕೊಳ್ಳಿ. ಈ ಒಂದು ಲೆಕ್ಕ ಕೈಗೆ ಬಂದರೆ ಪ್ರೆಶರ್, ಲೆವೆಲ್, ಫ್ಲೋ ಎಲ್ಲ ಅದೇ ದಾರಿ.

ಮಾಡ್‌ಬಸ್ (ಪಿಎಲ್‌ಸಿ, ಪ್ಯಾನೆಲ್, ಡ್ರೈವ್‌ಗಳು ಮಾತಾಡುವ ಒಂದು ಭಾಷೆ) ಇದ್ದರೆ ರಿಜಿಸ್ಟರ್‌ಗಳ, ಅಂದರೆ ನಂಬರ್ ಇಡುವ ಖಾನೆಗಳ, ಅಡ್ರೆಸ್ ಬಗ್ಗೆ ಹುಷಾರು. 1979ರಲ್ಲಿ ಮೋಡಿಕಾನ್ ಕಂಪನಿ ಮಾಡಿದ್ದು, ಇವತ್ತಿಗೂ ಎಲ್ಲ ಕಡೆ ಅದೇ ನಡೆಯುತ್ತಿದೆ. ಪುಸ್ತಕದಲ್ಲಿ 40101 ಅಂತ ಇರುತ್ತದೆ. ಪ್ಯಾನೆಲ್‌ನ ಒಂದು ಡ್ರೈವರ್ (ಪಿಎಲ್‌ಸಿ ಜೊತೆ ಮಾತಾಡುವ ಸಾಫ್ಟ್‌ವೇರ್) 101 ಕೇಳುತ್ತದೆ, ಇನ್ನೊಂದು 100 ಕೇಳುತ್ತದೆ. ಒಂದು ಹೆಚ್ಚು ಕಮ್ಮಿ ಆದರೆ ಪಕ್ಕದ ರಿಜಿಸ್ಟರ್ ಓದುತ್ತದೆ, ಏನೋ ಒಂದು ನಂಬರ್ ಬರುತ್ತದೆ, ನೋಡಿದವರು ಸರಿ ಇದೆ ಅಂದುಕೊಳ್ಳುತ್ತಾರೆ. ಡೆಲ್ಟಾ ಡಿವಿಪಿ ಪಿಎಲ್‌ಸಿಯ ಮೊದಲ ಡೇಟಾ ರಿಜಿಸ್ಟರ್ ಡಿ0 ಮಾಡ್‌ಬಸ್‌ನಲ್ಲಿ 44097. ಇದು ಗೊತ್ತಿಲ್ಲದೆ ಎಷ್ಟೋ ಜನ ಇಡೀ ದಿನ ಕಳೆಯುತ್ತಾರೆ. ದಶಮಾಂಶ ಇರುವ ಫ್ಲೋಟ್ ನಂಬರ್ ಎರಡು ರಿಜಿಸ್ಟರ್ ತೆಗೆದುಕೊಳ್ಳುತ್ತದೆ. ಅರ್ಥವಿಲ್ಲದಷ್ಟು ದೊಡ್ಡ ನಂಬರ್ ಬಂದರೆ ಆ ಎರಡರ ಕ್ರಮ ಅದಲು ಬದಲು ಮಾಡಿ ನೋಡಿ.

ವಿನ್‌ಸಿಸಿ ಪ್ಯಾನೆಲ್‌ನಲ್ಲಿ ನಂಬರ್ ಜಾಗದಲ್ಲಿ ಬರೀ ಹ್ಯಾಶ್ ಗುರುತು (####) ಬಂದರೆ ಬಹಳ ಸಲ ಸ್ಕ್ರೀನ್ ತಪ್ಪಲ್ಲ, ಪಿಎಲ್‌ಸಿ ಜೊತೆ ಮಾತೇ ಆಗುತ್ತಿರುವುದಿಲ್ಲ. ಮೊದಲು ಲ್ಯಾಪ್‌ಟಾಪ್‌ನಿಂದ ಪಿಂಗ್ ಮಾಡಿ, ಅಂದರೆ ನೆಟ್‌ವರ್ಕ್‌ನಲ್ಲಿ ಪಿಎಲ್‌ಸಿ ಉತ್ತರ ಕೊಡುತ್ತದಾ ನೋಡಿ. ಐಪಿ ಅಡ್ರೆಸ್, ಸಬ್‌ನೆಟ್ ನೋಡಿ. ಬೇರೆ ಕಂಪನಿ ಪ್ಯಾನೆಲ್ ಅನ್ನು ಸೀಮೆನ್ಸ್ ಪಿಎಲ್‌ಸಿ ಎಸ್7-1200ಗೆ ಜೋಡಿಸುತ್ತಿದ್ದರೆ ಪಿಎಲ್‌ಸಿಯಲ್ಲಿ ಪುಟ್/ಗೆಟ್ (ಹೊರಗಿನಿಂದ ಡೇಟಾ ಓದಿ ಬರೆಯುವ) ಅನುಮತಿ ಟಿಕ್ ಮಾಡಿರಬೇಕು. ಎಷ್ಟೋ ಡ್ರೈವರ್‌ಗಳಿಗೆ ಡೇಟಾ ಬ್ಲಾಕ್‌ನ (ಪಿಎಲ್‌ಸಿ ಡೇಟಾ ಇಡುವ ಜಾಗದ) ಆಪ್ಟಿಮೈಸ್ಡ್ ಆಕ್ಸೆಸ್ ಅನ್ನುವ ಟಿಕ್ ಕೂಡ ತೆಗೆದಿರಬೇಕು.

ಕಂಟ್ರೋಲ್ ಪ್ಯಾನೆಲ್ ಕಟ್ಟುವವರು, ದಾವಣಗೆರೆ

ಹರಿಹರದ ಅಣ್ಣ ಸಾಫ್ಟ್‌ವೇರ್ ಕಡೆ ಚೆನ್ನಾಗಿ ಹೇಳಿದ್ದಾರೆ. ನಾನು ವೈರಿಂಗ್ ಕಡೆ ಹೇಳುತ್ತೇನೆ. "ಪ್ಯಾನೆಲ್ ಹ್ಯಾಂಗ್ ಆಗ್ತಿದೆ ಸರ್" ಅಂತ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ವೈರಿಂಗ್‌ದೇ ತೊಂದರೆ.

ಪ್ಯಾನೆಲ್, ಪಿಎಲ್‌ಸಿ ಮಾತಾಡುವ ಆರ್‌ಎಸ್-485 ಕೇಬಲ್ ಒಂದರಿಂದ ಒಂದಕ್ಕೆ ಸಾಲಾಗಿ ಹೋಗಬೇಕು, ಮಧ್ಯೆ ಕವಲು ಒಡೆಯಬಾರದು. ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್. ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಕೇಬಲ್ ಜೊತೆ ಅದೇ ಟ್ರೇನಲ್ಲಿ ಹಾಕಬೇಡಿ. ಡೆಲ್ಟಾ ಡಿವಿಪಿ ಪಿಎಲ್‌ಸಿ ಫ್ಯಾಕ್ಟರಿಯಿಂದ ಬರುವಾಗ ಅದರ ಮಾತಿನ ಸೆಟ್ಟಿಂಗ್ 9600, 7 ಬಿಟ್, ಈವನ್, 1 ಸ್ಟಾಪ್, ಆಸ್ಕಿ ಅಂತ ಇರುತ್ತದೆ. ಆಸ್ಕಿ, ಆರ್‌ಟಿಯು ಅನ್ನುವುದು ಮಾಡ್‌ಬಸ್ ಸಂದೇಶದ ಎರಡು ರೂಪ. ಪ್ಯಾನೆಲ್ ಕಡೆ 8 ಬಿಟ್ ಆರ್‌ಟಿಯು ಇಟ್ಟುಕೊಂಡು ಕಾದರೆ ಏನೂ ಬರುವುದಿಲ್ಲ.

ಪ್ಯಾನೆಲ್‌ನ 24 ವೋಲ್ಟ್ ಸಪ್ಲೈಯಿಂದಲೇ ಸೊಲೆನಾಯ್ಡ್ ವಾಲ್ವ್‌ಗಳಿಗೂ ಕೊಡಬೇಡಿ. ಬೇರೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಹೊಸದಲ್ಲ, ಹಾಗಾಗಿ ಕರೆಂಟ್ ವಾಪಸ್ ಬಂದಾಗ ಮೋಟಾರ್ ತಾನಾಗಿ ಶುರುವಾಗದಂತೆ ಪಿಎಲ್‌ಸಿ ಪ್ರೋಗ್ರಾಂ ಇದೆಯಾ ಅಂತ ನೋಡಿ. ಇನ್ನು ಧೂಳು. ಭತ್ತದ ಮಿಲ್ಲಿನ ಧೂಳು ಎಂಥದ್ದು ಅಂತ ನಿಮಗೇ ಗೊತ್ತು. ಪ್ಯಾನೆಲ್ ಮುಂಭಾಗ ಐಪಿ65, ಅಂದರೆ ಧೂಳು, ನೀರು ಒಳಗೆ ಹೋಗುವುದಿಲ್ಲ, ಅಂತ ಬರೆದಿರುತ್ತದೆ. ಅದು ಗ್ಯಾಸ್ಕೆಟ್ ಸರಿಯಾಗಿ ಕೂತಾಗ ಮಾತ್ರ, ಅದೂ ಮುಂಭಾಗಕ್ಕೆ ಮಾತ್ರ. ಹಿಂದೆ ಬಾಕ್ಸ್ ತೆರೆದಿಟ್ಟರೆ ಆ ಬರಹದಿಂದ ಏನೂ ಉಪಯೋಗವಿಲ್ಲ.

ಕೇಳಿದವರು

ಅಣ್ಣಂದಿರಿಗೆ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಸ್ಟಾರ್ಟ್, ಸ್ಟಾಪ್, ಎಮರ್ಜೆನ್ಸಿ ಎಲ್ಲ ಬಟನ್ ಸ್ಕ್ರೀನ್‌ನಲ್ಲೇ ಇಟ್ಟರೆ ಬಾಕ್ಸ್ ಮೇಲೆ ಬಟನ್ ಖರ್ಚು ಉಳಿಯುತ್ತದೆ ಅಂತ ಮಾಲೀಕರು ಕೇಳುತ್ತಿದ್ದಾರೆ. ಮಾಡಬಹುದಾ?

ಕಂಟ್ರೋಲ್ ಪ್ಯಾನೆಲ್ ಕಟ್ಟುವವರು, ದಾವಣಗೆರೆ

ಎಮರ್ಜೆನ್ಸಿ ಸ್ಟಾಪ್ ಮಾತ್ರ ಯಾವ ಕಾರಣಕ್ಕೂ ಸ್ಕ್ರೀನ್‌ನಲ್ಲಿ ಬೇಡ. ಕೆಂಪು ಮಶ್ರೂಮ್ ಬಟನ್, ಎನ್‌ಸಿ ಕಾಂಟ್ಯಾಕ್ಟ್ (ಒತ್ತಿದಾಗ ತೆರೆದುಕೊಳ್ಳುವಂಥದ್ದು), ಸೇಫ್ಟಿ ರಿಲೇ ಮೂಲಕ ನೇರವಾಗಿ ವೈರಿಂಗ್. ಪ್ಯಾನೆಲ್ ಕೆಟ್ಟರೂ, ಕೇಬಲ್ ಕಿತ್ತರೂ, ಪಿಎಲ್‌ಸಿ ನಿಂತರೂ ಅದು ಕೆಲಸ ಮಾಡಬೇಕು. ಭತ್ತ ಮೇಲೆತ್ತುವ ಎಲಿವೇಟರ್ ಬೆಲ್ಟ್‌ಗೆ ಯಾರದಾದರೂ ಬಟ್ಟೆ ಸಿಕ್ಕಿದಾಗ ಸ್ಕ್ರೀನ್‌ನಲ್ಲಿ ಆ ಪೇಜ್ ಎಲ್ಲಿದೆ ಅಂತ ಹುಡುಕಲು ಸಮಯ ಇರುವುದಿಲ್ಲ. ಮಾಲೀಕರಿಗೆ ಹೀಗೇ ಹೇಳಿ, ಒಪ್ಪುತ್ತಾರೆ.

ಸ್ಟಾರ್ಟ್ ಬಟನ್ ಸ್ಕ್ರೀನ್‌ನಲ್ಲಿ ಇರಲಿ, ತೊಂದರೆ ಇಲ್ಲ. ಆದರೆ ಒಂದು ಸೂಕ್ಷ್ಮ ಇದೆ. ಬೆರಳು ಒತ್ತಿದಾಗ ಪ್ಯಾನೆಲ್ 1 ಬರೆಯುತ್ತದೆ, ಬಿಟ್ಟಾಗ 0 ಬರೆಯುತ್ತದೆ. ಒತ್ತಿರುವಾಗಲೇ ಕೇಬಲ್ ಲೂಸ್ ಆಗಿ ಸಂಪರ್ಕ ತಪ್ಪಿದರೆ? ಆ 0 ಹೋಗಿ ತಲುಪುವುದೇ ಇಲ್ಲ, ಪಿಎಲ್‌ಸಿಯಲ್ಲಿ 1 ಹಾಗೇ ಉಳಿಯುತ್ತದೆ. ಆದ್ದರಿಂದ ಪಿಎಲ್‌ಸಿಯಲ್ಲಿ ಬಿಟ್ ಏರುವ ಕ್ಷಣವನ್ನು ಮಾತ್ರ ಹಿಡಿದು, ತಕ್ಷಣ ಪಿಎಲ್‌ಸಿಯೇ ಅದನ್ನು 0 ಮಾಡುವಂತೆ ಬರೆಯಿರಿ. ಇಂಟರ್‌ಲಾಕ್ (ಒಂದು ಸರಿ ಇಲ್ಲದಿದ್ದರೆ ಇನ್ನೊಂದು ಓಡದಂತೆ ತಡೆಯುವುದು) ಎಲ್ಲ ಪಿಎಲ್‌ಸಿಯಲ್ಲೇ ಇರಲಿ. ಪ್ಯಾನೆಲ್‌ನ ಸ್ಕ್ರಿಪ್ಟ್‌ನಲ್ಲಿ ಇಂಟರ್‌ಲಾಕ್ ಬರೆಯುವುದು ಅಪಾಯ.

ನೀರು ಸರಬರಾಜು ಸ್ಕಾಡಾ ಎಂಜಿನಿಯರ್, ಚಿತ್ರದುರ್ಗ

ನನ್ನ ಕೆಲಸ ಪಂಪ್‌ಹೌಸ್, ಓವರ್‌ಹೆಡ್ ಟ್ಯಾಂಕ್‌ಗಳ ಸ್ಕಾಡಾ. ಮೆಷಿನ್ ಪಕ್ಕದ ಪ್ಯಾನೆಲ್‌ಗೂ ಸ್ಕಾಡಾಗೂ ದೊಡ್ಡ ವ್ಯತ್ಯಾಸ ಅಂದರೆ, ಪ್ಯಾನೆಲ್ ಮುಂದೆ ನಿಂತವರಿಗೆ ಮೋಟಾರಿನ ಸದ್ದು ಕೇಳುತ್ತದೆ. ಸ್ಕಾಡಾ ಮುಂದೆ ಕೂತವರಿಗೆ ಸ್ಕ್ರೀನ್ ಬಿಟ್ಟು ಬೇರೇನೂ ಇಲ್ಲ. ಹಾಗಾಗಿ ಸ್ಕ್ರೀನ್ ಸುಳ್ಳು ಹೇಳಬಾರದು.

ನಾನು ಯಾವ ಹೊಸ ಪ್ರಾಜೆಕ್ಟ್ ನೋಡಿದರೂ ಮೊದಲು ಕೇಳುವುದು ಇದನ್ನೇ: ಸಂಪರ್ಕ ತಪ್ಪಿದಾಗ ಸ್ಕ್ರೀನ್ ಏನು ತೋರಿಸುತ್ತದೆ? ಕೆಲವು ಕಡೆ ಕೊನೆಗೆ ಬಂದ ನಂಬರ್ ಹಾಗೇ ನಿಂತಿರುತ್ತದೆ. ಟ್ಯಾಂಕ್ 62 ಪರ್ಸೆಂಟ್ ಅಂತ ತೋರಿಸುತ್ತಿರುತ್ತದೆ, ಅಲ್ಲಿ ನೀರು ಉಕ್ಕಿ ಹರಿಯುತ್ತಿರುತ್ತದೆ. ಪಿಎಲ್‌ಸಿಯಲ್ಲಿ ಪ್ರತಿ ಸೆಕೆಂಡಿಗೆ ಏರುವ ಒಂದು ಕೌಂಟರ್ ಇಡಿ. ಅದು ಕೆಲವು ಸೆಕೆಂಡ್ ಬದಲಾಗದಿದ್ದರೆ ಎಲ್ಲ ನಂಬರ್‌ಗಳೂ ಬೂದು ಬಣ್ಣಕ್ಕೆ ತಿರುಗಿ "ಸಂಪರ್ಕ ಇಲ್ಲ" ಅಂತ ಬರಬೇಕು. ಸಣ್ಣ ಕೆಲಸ, ಆದರೆ ಇದಿಲ್ಲದ ಸ್ಕ್ರೀನ್ ಅನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಬಣ್ಣದ ಬಗ್ಗೆ: ಸ್ಕ್ರೀನ್ ಹೇಗಿರಬೇಕು ಅನ್ನುವುದಕ್ಕೆ ಐಎಸ್‌ಎ-101 ಅಂತ ಒಂದು ಸ್ಟ್ಯಾಂಡರ್ಡ್ ಇದೆ, 2015ರದ್ದು. ಅದರ ದಾರಿಯಲ್ಲಿ ಮಾಡಿದ ಸ್ಕ್ರೀನ್‌ಗಳು ಮಂಕಾದ ಬೂದು ಹಿನ್ನೆಲೆಯಲ್ಲಿ ಇರುತ್ತವೆ. ಎಲ್ಲ ಸರಿ ಇದ್ದಾಗ ಬಣ್ಣ ಕಮ್ಮಿ. ಕೆಂಪು, ಹಳದಿ ಬರುವುದು ಏನಾದರೂ ಕೆಟ್ಟಾಗ ಮಾತ್ರ. ನೋಡಲು ಸಪ್ಪೆ ಅನಿಸುತ್ತದೆ, ಮಾಲೀಕರಿಗೆ ಮೊದಲ ನೋಟಕ್ಕೆ ಹಿಡಿಸುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಬಂದಾಗ ದೂರದಿಂದಲೇ ಕಾಣುತ್ತದೆ. ಆಗ ಅದರ ಬೆಲೆ ಗೊತ್ತಾಗುತ್ತದೆ.

ಅಲಾರ್ಮ್ ಬಗ್ಗೆ ಒಂದು ನಿಜ ಘಟನೆ ಹೇಳಬೇಕು. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟ ಆಯಿತು. ಅದಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರ್ಮ್ ಬಂದವು ಅಂತ ತನಿಖೆಯ ವರದಿ ಹೇಳುತ್ತದೆ. ಯಾವುದನ್ನು ಓದಬೇಕು, ಯಾವುದಕ್ಕೆ ಓಡಬೇಕು? ಅಲಾರ್ಮ್ ಕುರಿತ, ಇಇಎಂಯುಎ ಅನ್ನುವ ಉದ್ಯಮ ಸಂಘದ 191ನೇ ಮಾರ್ಗಸೂಚಿ ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದು ಅಲಾರ್ಮ್ ಮೀರದಿದ್ದರೆ ಒಳ್ಳೆಯದು ಅನ್ನುತ್ತದೆ. ನೀವು ಪ್ರತಿ ಅಲಾರ್ಮ್ ಸೇರಿಸುವಾಗ ಕೇಳಿಕೊಳ್ಳಿ: ಇದು ಬಂದರೆ ಆಪರೇಟರ್ ಏನು ಮಾಡಬೇಕು? ಮಾಡುವುದು ಏನೂ ಇಲ್ಲ ಅಂದರೆ ಅದು ಅಲಾರ್ಮ್ ಅಲ್ಲ, ಸುಮ್ನೆ ಲಾಗ್‌ಗೆ ಹಾಕಿ. ಲೆವೆಲ್ 90ಕ್ಕೆ ಬಂದ ಅಲಾರ್ಮ್ 87ಕ್ಕೆ ಇಳಿದ ಮೇಲೆ ಹೋಗಲಿ. ಇಲ್ಲದಿದ್ದರೆ ನೀರಿನ ಅಲೆಗೆಲ್ಲ ಅದು ಬಂದು ಹೋಗಿ ಮಾಡುತ್ತದೆ.

ಸ್ಕಾಡಾ ಮನೆಯಲ್ಲೇ ಕಲಿಯಬೇಕು ಅಂದರೆ ಇಗ್ನಿಷನ್ ಅನ್ನುವ ಸ್ಕಾಡಾ ಸಾಫ್ಟ್‌ವೇರ್ ಹಾಕಿಕೊಳ್ಳಿ. ಟ್ರಯಲ್ ಎರಡು ಗಂಟೆ ಓಡುತ್ತದೆ, ಮುಗಿದಾಗ ರೀಸೆಟ್ ಮಾಡಿದರೆ ಮತ್ತೆ ಎರಡು ಗಂಟೆ. ಅವರದೇ ಆನ್‌ಲೈನ್ ಪಾಠಗಳೂ ಉಚಿತ.

ಎಣ್ಣೆ ಮಿಲ್ಲಿನ ಹಿರಿಯ ಆಪರೇಟರ್, ಚಳ್ಳಕೆರೆ

ತಮ್ಮಾ, ನಾನು ಸಾಫ್ಟ್‌ವೇರ್ ಮಾಡುವವನಲ್ಲ. ನೀವೆಲ್ಲ ಮಾಡಿದ್ದನ್ನು ದಿನಾ ಒತ್ತುವವನು. ನನ್ನ ಕಡೆಯ ಮಾತೂ ಕೇಳು.

ಬಹಳ ಪ್ಯಾನೆಲ್‌ಗಳಲ್ಲಿ ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತದೆ. ಅಲಾರ್ಮ್ ಬಂದರೆ ನಮ್ಮ ಹುಡುಗರು ಓದುವುದಿಲ್ಲ, ಅಕ್‌ನಾಲೆಜ್ ಒತ್ತಿ ಸುಮ್ಮನಾಗುತ್ತಾರೆ. ಅವರ ತಪ್ಪಲ್ಲ ಅದು. "ಎಂ4 ಓಎಲ್ ಟ್ರಿಪ್" ಅಂದರೆ ಯಾರಿಗೆ ಗೊತ್ತಾಗುತ್ತದೆ? "ಎಲಿವೇಟರ್ 2 ಮೋಟಾರ್ ಓವರ್‌ಲೋಡ್ ಆಗಿದೆ, ಬುಡದಲ್ಲಿ ಕಟ್ಟಿಕೊಂಡಿದೆಯಾ ನೋಡಿ" ಅಂತ ಕನ್ನಡದಲ್ಲಿ ಇದ್ದರೆ ಓಡಿಹೋಗಿ ನೋಡುತ್ತಾರೆ. ನಮ್ಮಲ್ಲಿ ಒಬ್ಬ ಎಂಜಿನಿಯರ್ ಹಾಗೆ ಮಾಡಿಕೊಟ್ಟರು. ಅದಾದ ಮೇಲೆ ಹುಡುಗರು ಪ್ಯಾನೆಲ್ ಕಂಡರೆ ಹೆದರುವುದು ಬಿಟ್ಟರು.

ಬಟನ್ ದೊಡ್ಡದಾಗಿರಲಿ. ನಮ್ಮ ಕೈಯಲ್ಲಿ ಎಣ್ಣೆ, ಗ್ಲೌಸ್ ಇರುತ್ತದೆ. ಸ್ಕ್ರೀನ್ ಮಾಡುವ ಮೊದಲು ಒಂದು ಪಾಳಿ ಡ್ರೈಯರ್ ಆಪರೇಟರ್ ಪಕ್ಕ ನಿಂತುಕೋ. ಅವನು ಏನನ್ನು ಪದೇ ಪದೇ ನೋಡುತ್ತಾನೋ ಅದು ಮೊದಲ ಪೇಜಿನಲ್ಲಿ ಬರಲಿ.

ಮೆಂಟೆನೆನ್ಸ್ ವಿಭಾಗ, ಹರಿಹರ

ಚಳ್ಳಕೆರೆ ಹಿರಿಯರ ಮಾತು ನೂರಕ್ಕೆ ನೂರು ಸರಿ. ಭತ್ತ ನೆನೆಸುವ ನೀರು 65ರಿಂದ 70 ಡಿಗ್ರಿ ಇರಬೇಕು, ಒಣಗಿದ ಭತ್ತದ ತೇವ 14 ಪರ್ಸೆಂಟ್ ಆಸುಪಾಸಿಗೆ ಬರಬೇಕು ಅಂತ ನಿಮ್ಮ ಆಪರೇಟರ್‌ಗೆ ಯಾವ ಮ್ಯಾನುವಲ್ ಇಲ್ಲದೆಯೂ ಗೊತ್ತಿರುತ್ತದೆ.

ಕನ್ನಡ ಹಾಕುವಾಗ ಒಂದು ಎಚ್ಚರ. ಅಗ್ಗದ ಪ್ಯಾನೆಲ್‌ಗಳಲ್ಲಿ ಒತ್ತಕ್ಷರ ಒಡೆಯುತ್ತದೆ. "ಒತ್ತಡ" ಹೋಗಿ "ಒತ್‌ತಡ" ಆಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಕಂಡರೆ ಸಾಲದು, ಪ್ಯಾನೆಲ್‌ಗೇ ಡೌನ್‌ಲೋಡ್ ಮಾಡಿ ನೋಡಬೇಕು. ಒಡೆದರೆ ಆ ಬರಹವನ್ನು ಚಿತ್ರ ಮಾಡಿ ಹಾಕಿ. ಬಟನ್, ಹೆಸರುಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಅಲಾರ್ಮ್ ಪಟ್ಟಿಯಲ್ಲಿ ಚಿತ್ರ ಹಾಕಲು ಆಗದಿದ್ದರೆ, ಮುಖ್ಯವಾದ ಅಲಾರ್ಮ್‌ಗಳಿಗೆ ತಾನಾಗಿ ತೆರೆಯುವ ಸಣ್ಣ ಪಾಪ್‌ಅಪ್ ಮಾಡಿ.

ಪಾಲಿಟೆಕ್ನಿಕ್ ಉಪನ್ಯಾಸಕಿ, ದಾವಣಗೆರೆ

ಕೋರ್ಸ್ ಬಗ್ಗೆ ಕೇಳಿದ್ದೀರಿ. ಕೋರ್ಸ್ ಕೆಟ್ಟದ್ದು ಅಂತ ಹೇಳುವುದಿಲ್ಲ, ಆದರೆ ನಿಮ್ಮ ಕೈಯಲ್ಲಿ ನಿಜವಾದ ಪ್ಲ್ಯಾಂಟ್ ಬರುತ್ತಿದೆ. ಅದು ನನ್ನ ವಿದ್ಯಾರ್ಥಿಗಳಿಗೆ ಸಿಗದ ಅವಕಾಶ. ಬೆಂಗಳೂರಿನ ಬಾಡಿಗೆಗೆ ಕೊಡುವ ದುಡ್ಡಿನಲ್ಲಿ ಒಂದು ಹಳೆಯ ಪಿಎಲ್‌ಸಿ, ಒಂದು ಸಣ್ಣ ಪ್ಯಾನೆಲ್ ಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಕಲಿಯುವವರಿಗೆಂದೇ ಸೀಮೆನ್ಸ್‌ನವರು ಮಾಡಿದ ಎಸ್‌ಸಿಇ ಪಾಠಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ, ಹೆಜ್ಜೆ ಹೆಜ್ಜೆಯಾಗಿ ಇವೆ. ಇಂಗ್ಲಿಷ್‌ನಲ್ಲಿ ಇವೆ ಅಂತ ಹಿಂಜರಿಯಬೇಡಿ. ಚಿತ್ರ ನೋಡಿಕೊಂಡೇ ಅರ್ಧ ಮಾಡಬಹುದು.

ಕೇಳಿದವರು

ಎಲ್ಲರಿಗೂ ಕೈಮುಗಿದು ಧನ್ಯವಾದ. ಸಪ್ಲೈಯರ್ ಮುಂದಿನ ತಿಂಗಳು ಟೆಸ್ಟ್‌ಗೆ ಕರೆದಿದ್ದಾರೆ. ಹೋಗುವಾಗ ಏನು ಕೇಳಿ ತರಬೇಕು?

ಕಂಟ್ರೋಲ್ ಪ್ಯಾನೆಲ್ ಕಟ್ಟುವವರು, ದಾವಣಗೆರೆ

ಮೂಲ ಪ್ರಾಜೆಕ್ಟ್ ಫೈಲ್, ಪ್ಯಾನೆಲ್‌ದೂ ಪಿಎಲ್‌ಸಿದೂ ಎರಡೂ. ಇದನ್ನು ಪೂರ್ತಿ ದುಡ್ಡು ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಸೀಮೆನ್ಸ್ ಪ್ಯಾನೆಲ್ ಒಳಗಿರುವುದು ಕಂಪೈಲ್ ಆದ ಫೈಲ್. ಅದನ್ನು ವಾಪಸ್ ತೆಗೆದು ತಿದ್ದುವಂಥ ಪ್ರಾಜೆಕ್ಟ್ ಮಾಡಲು ಬರುವುದಿಲ್ಲ. ನನಗೆ ಗೊತ್ತಿರುವ ಒಂದು ಮಿಲ್ಲಿನಲ್ಲಿ ಪ್ಯಾನೆಲ್ ಕೆಟ್ಟಿತು, ಪ್ರೋಗ್ರಾಂ ಮಾಡಿದವರು ಫೋನ್ ಎತ್ತಲಿಲ್ಲ. ಕೊನೆಗೆ ಎಲ್ಲ ಸ್ಕ್ರೀನ್ ಹೊಸದಾಗಿ ಮಾಡಬೇಕಾಯಿತು. ಸಾಫ್ಟ್‌ವೇರ್‌ನ ವರ್ಷನ್ ನಂಬರ್ ಕೂಡ ಬರೆದುಕೊಳ್ಳಿ. ಹೊಸ ವರ್ಷನ್‌ಗೆ ಏರಿಸಿದ ಟಿಐಎ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ. ಎಲ್ಲ ಪಾಸ್‌ವರ್ಡ್, ಐಪಿ ಪಟ್ಟಿ, ಟ್ಯಾಗ್ ಪಟ್ಟಿ, ವೈರಿಂಗ್ ಡ್ರಾಯಿಂಗ್ ಕೂಡ ಬೇಕು. ರಿಮೋಟ್‌ನಲ್ಲಿ ನೋಡುತ್ತೇವೆ ಅಂತ ಅವರು ಹೇಳಿದರೆ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ಮಾತ್ರ ಬಿಡಿ. ಪ್ಯಾನೆಲ್ ಅನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡುವುದು ಬೇಡ.

ಟೆಸ್ಟ್ ದಿನ ಅವರೆದುರೇ ಪಿಎಲ್‌ಸಿ ಕೇಬಲ್ ಕಿತ್ತು ಸ್ಕ್ರೀನ್ ಏನು ತೋರಿಸುತ್ತದೆ ನೋಡಿ. ಮತ್ತೆ, ನಿಮ್ಮ ಡ್ರೈಯರ್ ಆಪರೇಟರ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವನ ಒಂದು ದಿನದ ಸಂಬಳ ಕೊಡಲು ಮಾಲೀಕರನ್ನು ಈಗಲೇ ಒಪ್ಪಿಸಿಕೊಳ್ಳಿ.