ಟೆಲಿಸ್ಕೋಪಿನ ಗೋಟು (ಹೇಳಿದ ನಕ್ಷತ್ರಕ್ಕೆ ತಾನೇ ತಿರುಗೋ ವ್ಯವಸ್ಥೆ) ಮೊದಲ ನಕ್ಷತ್ರಕ್ಕೇ ತಪ್ಪುತ್ತೆ, ಯಾವ ಜಿಪಿಎಸ್ ತಗೊಳ್ಳಲಿ?

ಚಿತ್ತಾ_ಮೈಸೂರು:
ತಲೆ ಕೆಟ್ಟುಹೋಗಿದೆ. ಅಲೈನ್‌ಮೆಂಟಿಗೆ (ಶುರುವಲ್ಲಿ ಆಕಾಶದ ಗುರುತು ಹಿಡಿಸೋಕೆ) ಆರಿಸಿದ ಮೊದಲ ನಕ್ಷತ್ರವೇ ಫೈಂಡರಿನಲ್ಲಿ, ಅಂದ್ರೆ ಗುರಿ ಹಿಡಿಯೋ ಪುಟ್ಟ ದುರ್ಬೀನಿನಲ್ಲಿ ಇರಲ್ಲ. ದಿನಾಂಕ, ಸಮಯ, ಸ್ಥಳ ಎಲ್ಲಾ ಸರಿಯಾಗೇ ತುಂಬಿದೀನಿ. ಜಿಪಿಎಸ್ ಹಾಕಿಬಿಟ್ರೆ ರಗಳೆ ಮುಗೀತು ಅಂತಾರೆ. ಯಾವುದು ಒಳ್ಳೇದು? ಸೆಕೆಂಡ್ ಹ್ಯಾಂಡ್ ಆದ್ರೂ ನಡೆಯುತ್ತೆ.

ಮೇಲುಕೋಟೆ_ಕತ್ತಲು:
ಮೌಂಟ್ (ಟೆಲಿಸ್ಕೋಪನ್ನ ಹೊತ್ತು ತಿರುಗಿಸೋ ಭಾಗ) ಯಾವುದು? ಸೆಲೆಸ್ಟ್ರಾನ್ ಆದ್ರೆ ಸ್ಕೈಸಿಂಕ್ ಜಿಪಿಎಸ್, ಅದು ಮೌಂಟಿನ ಆಕ್ಸ್ ಪೋರ್ಟಿಗೆ. ಸ್ಕೈವಾಚರ್ ಆದ್ರೆ ಸಿನ್‌ಸ್ಕ್ಯಾನ್ ಜಿಪಿಎಸ್, ಅದು ಹ್ಯಾಂಡ್ ಕಂಟ್ರೋಲರಿನ ಬುಡದ ಆರ್‌ಜೆ-12 ಸಾಕೆಟ್ಟಿಗೆ. ಎರಡೂ 6 ಪಿನ್ನಿನ ಪ್ಲಗ್ಗೇ, ಹಾಗಂತ ಅದಲುಬದಲು ಮಾಡಬೇಡಿ. ಆಕ್ಸ್‌ನಲ್ಲಿ 12 ವೋಲ್ಟ್ ಹರಿಯುತ್ತೆ, ಸುಟ್ಟರೆ ಹೋಯ್ತು.

ಚಿತ್ತಾ_ಮೈಸೂರು:
ಸ್ಕೈವಾಚರ್ ಇಕ್ಯೂ5 ಮೌಂಟ್, ಸಿನ್‌ಸ್ಕ್ಯಾನ್ ಕಂಟ್ರೋಲರ್. ಗೊತ್ತಿರುತ್ತೆ ಅಂದ್ಕೊಂಡೆ.

ಕಾಲಿಮೇಟರ್:
ಇದು ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನ ಆಕಾಶದ ಧ್ರುವಕ್ಕೆ ಹಿಡಿಯೋದು) ಸಮಸ್ಯೆ, ಬರೆದಿಟ್ಕೊಳ್ಳಿ. ನಮ್ಮಲ್ಲಿ ಧ್ರುವ ನಕ್ಷತ್ರ ಇರೋದೇ 12 ಡಿಗ್ರಿ ಎತ್ತರದಲ್ಲಿ. ಚಾಮುಂಡಿ ಬೆಟ್ಟದ ಕಡೆಯಿಂದ ನೋಡಿದ್ರೆ ಉತ್ತರದ ಬುಡವೆಲ್ಲ ಊರಿನ ಬೆಳಕು. ಮೌಂಟನ್ನ ಅಷ್ಟು ಕೆಳಗೆ ಬಗ್ಗಿಸಿದಾಗ ಕೌಂಟರ್‌ವೇಯ್ಟ್ ಟ್ರೈಪಾಡ್ ಕಾಲಿಗೆ ತಾಗುತ್ತೆ. ಗಿಡ್ಡ ಎಕ್ಸ್‌ಟೆನ್ಶನ್ ಪಿಲ್ಲರ್ ಹಾಕಿ, ಅಕ್ಷಾಂಶದ ಬೋಲ್ಟು ಎರಡೂ ಕಡೆ ಬಿಗಿ ಮಾಡಿ, ಆಮೇಲೆ ಮಾತಾಡೋಣ.

ಚಿತ್ತಾ_ಮೈಸೂರು:
ಪೋಲಾರ್ ಸ್ಕೋಪಿನಲ್ಲಿ (ಅದಕ್ಕಂತಲೇ ಅಕ್ಷದೊಳಗಿರೋ ಪುಟ್ಟ ದುರ್ಬೀನು) ಧ್ರುವ ನಕ್ಷತ್ರ ಕೂತಿದೆ. ನೋಡೇ ಬಿಗಿ ಮಾಡಿದ್ದು.

ಕಾಲಿಮೇಟರ್:
ಹಾಗಾದ್ರೆ ಅದು ಧ್ರುವ ಅಲ್ಲ, ಪಕ್ಕದ ಇನ್ಯಾವುದೋ. ಪೋಲಾರ್ ಸ್ಕೋಪಿನ ರೆಟಿಕಲ್ಲನ್ನ (ಒಳಗಿನ ಅಡ್ಡಗೆರೆ ಗುರುತು) ಹಗಲಲ್ಲಿ ದೂರದ ಟವರಿಗೆ ಹಿಡಿದು ಆರ್‌ಎ ಅಕ್ಷ (ಧ್ರುವಕ್ಕೆ ಹಿಡಿಯೋ ಅಕ್ಷ) ತಿರುಗಿಸಿ ನೋಡಿ, ಅಡ್ಡಗೆರೆ ಜರುಗಿದ್ರೆ ಮೂರು ಸ್ಕ್ರೂ ಸರಿ ಮಾಡ್ಬೇಕು.

ತ್ರಿಪಾದಿ:
ಸಾರ್, ಪೋಲಾರ್ ಬಿಡಿ ಸ್ವಲ್ಪ. ಪೋಲಾರ್ ತಪ್ಪಿದ್ರೆ ಆಕಾಶದ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕಿಗೆ ತಪ್ಪುತ್ತೆ. ಸಮಯ ತಪ್ಪಿದ್ರೆ ಎಲ್ಲಾ ಕಡೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ. ಚಿತ್ತಾ ಅವರೇ, ಹೋಮ್ ಪೊಸಿಷನ್ನಿಂದ (ಕೊಳವೆ ಧ್ರುವದ ಕಡೆ ಇರೋ ಆರಂಭದ ಸ್ಥಿತಿ) ಶುರು ಮಾಡಿ ಒಮ್ಮೆ ಮಘಾಕ್ಕೆ ಕಳಿಸಿ. ಆಫ್ ಮಾಡಿ ಮತ್ತೆ ಹೋಮ್‌ಗೆ ತಂದು ಸ್ವಾತಿಗೆ ಕಳಿಸಿ. ಎರಡು ಸಲವೂ ಯಾವ ಕಡೆ, ಎಷ್ಟು ತಪ್ಪಿತು ಬರೀರಿ.

ಕಾವೇರಿ_ತೀರ:
ಸಮಯ ಅಂದ್ರೆ ನೆನಪಾಯ್ತು. ಐಎಸ್‌ಟಿ 82°30' ರೇಖಾಂಶದ್ದು, ಮೈಸೂರು 76°39'. ಗಡಿಯಾರದಿಂದ 23 ನಿಮಿಷ ಕಳೆದು ಹಾಕಬೇಕು.

ತ್ರಿಪಾದಿ:
ಬೇಡ್ರೀ! ರೇಖಾಂಶ ಕೊಟ್ಟ ಮೇಲೆ ಆ 23 ನಿಮಿಷವನ್ನ ಮೌಂಟೇ ಕಳೀತದೆ. ನೀವೂ ಕಳೆದ್ರೆ ಎರಡು ಸಲ ಆಯ್ತು, ಸುಮಾರು 6 ಡಿಗ್ರಿ ಹೊಸ ತಪ್ಪು.

ಕಾವೇರಿ_ತೀರ:
ಪಂಚಾಂಗದಲ್ಲಿ ಸ್ಥಳೀಯ ಕಾಲಕ್ಕೆ ಹಾಗೇ ಮಾಡೋದು.

ತ್ರಿಪಾದಿ:
ಪಂಚಾಂಗಕ್ಕೆ ಟೈಮ್ ಝೋನ್ ಮೆನು ಇಲ್ಲ.

ಚಿತ್ತಾ_ಮೈಸೂರು:
ಎರಡು ಸಲವೂ ಟೆಲಿಸ್ಕೋಪು ನಕ್ಷತ್ರದ ಪಶ್ಚಿಮಕ್ಕೇ ಹೋಗಿ ನಿಲ್ತು. ಕೈ ಚಾಚಿ ಹಿಡಿದ ಮುಷ್ಟಿಗಿಂತ (ಸುಮಾರು 10 ಡಿಗ್ರಿ) ಸ್ವಲ್ಪ ಕಮ್ಮಿ. ಝೋನ್ ಸ್ಕ್ರೀನಲ್ಲಿ +05:00 ಇದೆ. ಅರ್ಧ ಗಂಟೆಗೆ ಅಷ್ಟು ದೂರ ಹೋಗುತ್ತಾ?

ತ್ರಿಪಾದಿ:
ಹೋಗುತ್ತೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಅರ್ಧ ಗಂಟೆಗೆ 7.5. ನೀವು ರಾತ್ರಿ 8:00 ಅಂತ ಹಾಕಿದ್ರೆ ಯುಟಿಸಿ (ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) 14:30 ಆಗ್ಬೇಕು. ವಲಯ +5 ಇದ್ರೆ ಮೌಂಟ್ 15:00 ಅಂದ್ಕೊಳ್ಳುತ್ತೆ, ನಕ್ಷತ್ರ ಆಗಲೇ ಪಶ್ಚಿಮಕ್ಕೆ ಜರುಗಿದೆ ಅಂತ ಅಲ್ಲಿ ಹೋಗಿ ನಿಲ್ಲುತ್ತೆ. +6 ಇದ್ದಿದ್ರೆ ಪೂರ್ವಕ್ಕೆ ತಪ್ಪುತ್ತಿತ್ತು.

+05:30 ಮಾಡಿ. ಡೇಲೈಟ್ ಸೇವಿಂಗ್ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡೋ ಪದ್ಧತಿ) 'ನೋ' ಇರ್ಲಿ, 'ಎಸ್' ಆದ್ರೆ ಇನ್ನೊಂದು 15 ಡಿಗ್ರಿ. ದಿನಾಂಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ; 5ನೇ ತಾರೀಖಿಗೂ 5ನೇ ತಿಂಗಳಿಗೂ ಇಲ್ಲೇ ಕಲಸುಮೇಲೋಗರ ಆಗೋದು. ಸಮಯ 24 ಗಂಟೆ ಲೆಕ್ಕ. ಸ್ಥಳಕ್ಕೆ ಮೊದಲು ರೇಖಾಂಶ 076 39 ಪೂರ್ವ, ನಂತರ ಅಕ್ಷಾಂಶ 12 18 ಉತ್ತರ. ಫೋನ್ ತೋರಿಸೋ 76.64ನ್ನ 76 64 ಅಂತ ಹಾಕಬೇಡಿ, ಅದು ನಿಮಿಷ ಅಲ್ಲ.

ಮೇಲುಕೋಟೆ_ಕತ್ತಲು:
ವಲಯ ಪೂರ್ತಿ ಗಂಟೆಯಲ್ಲೇ ಕೇಳೋ ಹಳೇ ಕಂಟ್ರೋಲರ್ ಇರೋರು ವಲಯ ಸೊನ್ನೆ ಮಾಡಿ ಯುಟಿಸಿ ಸಮಯವನ್ನೇ ಹಾಕಿ. ಆದ್ರೆ ನಮ್ಮ ಮಧ್ಯರಾತ್ರಿಯಿಂದ ಬೆಳಗ್ಗೆ 5:30ರ ತನಕ ಯುಟಿಸಿ ದಿನಾಂಕ ನಿನ್ನೆಯದು.

ಚಿತ್ತಾ_ಮೈಸೂರು:
ಈಗ ಮೋಡ. ಹಾಗಾದ್ರೆ ಜಿಪಿಎಸ್ ಬೇಡವಾ? ಒಬ್ಬರ ಹತ್ರ ಹಳೇದು ಅಗ್ಗಕ್ಕೆ ಸಿಗ್ತಿದೆ.

ತ್ರಿಪಾದಿ:
ಜಿಪಿಎಸ್ ಕೊಡೋದು ಸ್ಥಳ, ಯುಟಿಸಿ, ದಿನಾಂಕ ಅಷ್ಟೇ. ಉತ್ತರ ಯಾವ ಕಡೆ ಅಂತ ಅದಕ್ಕೆ ಗೊತ್ತಿಲ್ಲ, ವಲಯವನ್ನ ಆಗ್ಲೂ ನೀವೇ ಹಾಕ್ಬೇಕು. ಸ್ಥಳದ ನಿಖರತೆಗಂತೂ ದುಡ್ಡು ಕೊಡೋದು ದಂಡ: ಮೈಸೂರಿನ ಅಂಕಿ ಹಾಕ್ಕೊಂಡು ಮೇಲುಕೋಟೆಯಲ್ಲಿ ನೋಡಿದ್ರೂ ಅರ್ಧ ಡಿಗ್ರಿ ತಪ್ಪಲ್ಲ. ಬಟನ್ ಒತ್ತೋ ಬೇಜಾರಿಗೆ ಸಿನ್‌ಸ್ಕ್ಯಾನ್ ವೈಫೈ ಅಡಾಪ್ಟರ್ ವಾಸಿ, ಆ್ಯಪ್ ಎಲ್ಲವನ್ನೂ ಫೋನಿಂದಲೇ ತಗೊಳ್ಳುತ್ತೆ.

ಹಳೇದು ತಗೊಳ್ಳೋದೇ ಆದ್ರೆ ಬಯಲಲ್ಲಿ 15 ನಿಮಿಷ ಆನ್ ಇಟ್ಟು ದಿನಾಂಕ ನೋಡಿ. ಜಿಪಿಎಸ್ ವಾರಗಳ ಎಣಿಕೆ 1024ಕ್ಕೆ ಸೊನ್ನೆಯಾಗುತ್ತೆ, ಕೊನೇ ಸಲ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಫರ್ಮ್‌ವೇರ್ ಹಳೇದಿದ್ರೆ ಗಂಟೆ-ನಿಮಿಷ ಸರಿ, ದಿನಾಂಕ ಮಾತ್ರ ಸುಮಾರು 19 ವರ್ಷ 7 ತಿಂಗಳು ಹಿಂದಿನದು.

ಪೈ_ಗಗನ:
ನಾನಂತೂ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ನಿಯೋ-6ಎಂ ಜಿಪಿಎಸ್ ಮಾಡ್ಯೂಲ್ ಹಾಕಿ ಇಂಡಿ ಸಾಫ್ಟ್‌ವೇರಲ್ಲಿ ಮೌಂಟ್ ಓಡಿಸ್ತೀನಿ. ಗೈಡಿಂಗ್, ಫೋಕಸರ್, ಡ್ಯೂ ಹೀಟರ್ ಎಲ್ಲಾ ಒಂದೇ ಪೆಟ್ಟಿಗೆ. ಕಂಟ್ರೋಲರ್ ಮುಟ್ಟೋದೇ ಇಲ್ಲ.

ಕಾಲಿಮೇಟರ್:
ಫೋಟೊ ಹಾಕಿ. ಪವರ್ ಯಾವ ಬ್ಯಾಟರಿ?

ತ್ರಿಪಾದಿ:
ಇದನ್ನ ಓದಿ ಯಾರೂ ಆ ಮಾಡ್ಯೂಲನ್ನ ನೇರವಾಗಿ ಕಂಟ್ರೋಲರಿನ ಆರ್‌ಜೆ-12ಗೆ ಸಿಕ್ಕಿಸಬೇಡಿ. ಮಾಡ್ಯೂಲು 3.3 ವೋಲ್ಟಿನದು, ಆ ಪೋರ್ಟು ಆರ್‌ಎಸ್-232, ಅದರ ವೋಲ್ಟೇಜು ಜಾಸ್ತಿ.

ಪೈ_ಗಗನ:
12 ವೋಲ್ಟ್ 20 ಎಎಚ್ ಲಿಥಿಯಂ. ಫೋಟೊ ನಾಳೆ ಹಾಕ್ತೀನಿ.