ಮಣ್ಣಿನ ಮಾಳಿಗೆ ಮನೆ, ಪೆಲೆಟ್ ಒಲೆ: ಹೊಗೆ ಪೈಪ್ ಎಲ್ಲಿಂದ ಬಿಡೋದು?

ಪ್ರಶ್ನೆ, ಬೆಟಗೇರಿಯಿಂದ:
ನಮಸ್ಕಾರ ರೀ ಎಲ್ಲರಿಗೂ. ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಇಷ್ಟು ವರ್ಷ ಕಟ್ಟಿಗೆ ಒಲೆ, ಹೊಗೆಗೆ ಕಣ್ಣು ಸದಾ ಕೆಂಪು, ಈಚೆಗೆ ಕೆಮ್ಮೂ ಜಾಸ್ತಿ. ಗ್ಯಾಸ್ ಮೇಲೆ ಬೇಯಿಸಿದರೆ ಏನೂ ಉಳಿಯಲ್ಲ. ಅದಕ್ಕೇ ಫ್ಯಾನ್ ಇರುವ ಎರಡು ಬಾಯಿಯ ಪೆಲೆಟ್ ಒಲೆ ತಂದಿದ್ದೇವೆ, ಮರದ ಪುಡಿ, ಸಿಪ್ಪೆ ಒತ್ತಿ ಮಾಡಿದ ಸಣ್ಣ ತುಂಡು ಹಾಕಿ ಉರಿಸೋದು. ಹಿಂದೆ ಹೊಗೆ ಹೋಗಲು 4 ಇಂಚಿನ ಬಾಯಿ ಇದೆ. ಮನೆ ಹಳೇದು, ಮಣ್ಣಿನ ಮಾಳಿಗೆ, ಕಟ್ಟಿಗೆಯ ತೊಲೆ-ಜಂತಿ. ಒಲೆ ಮಾರಿದವರು ಗೋಡೆಗೆ ತೂತು ಹೊಡೆದು ಸಂದಿಗೆ ಬಿಡಿ, ಸಾಕು ಅಂದರು. ಆದರೆ ಸಂದಿಯ ಆಚೆಗೇ ಪಕ್ಕದ ಮನೆಯವರ ಕಿಟಕಿ. ಮನೆಯಲ್ಲಿ ಪಿವಿಸಿ ಪೈಪ್ ಉಳಿದಿದೆ, ಅದು ನಡೆಯುತ್ತಾ?

ಹುಬ್ಬಳ್ಳಿಯಿಂದ:
ಪಿವಿಸಿ ಬೇಡವೇ ಬೇಡ. ಬಿಸಿಗೆ ಮೆತ್ತಗಾಗಿ ಬಾಗುತ್ತೆ, ಹೊತ್ತಿಕೊಂಡರೆ ವಿಷದ ಹೊಗೆ. ಸಿಮೆಂಟ್ ಪೈಪೂ ಬೇಡ, ಕಾದು ಕಾದು ಸೀಳು ಬಿಡುತ್ತೆ. ನಾನು ಫ್ಯಾಬ್ರಿಕೇಶನ್ ಕೆಲಸದವನು, 304 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಪೈಪೇ ಹಾಕಿಸಿ ಅಂತ ಹೇಳುತ್ತೇನೆ.

ಸಂದಿಗೆ ಅಡ್ಡ ಬಿಡೋದು ಬೇಡ. ಕರೆಂಟ್ ಇರುವ ತನಕ ಫ್ಯಾನ್ ಹೊಗೆಯನ್ನು ಹೊರಗೆ ನೂಕುತ್ತೆ, ಕರೆಂಟ್ ಹೋದರೆ ಒಲೆಯಲ್ಲಿ ಉಳಿದ ಪೆಲೆಟ್ ಕಮರಿ ಅಷ್ಟೂ ಹೊಗೆ ಅವ್ವನ ಮುಖಕ್ಕೇ ಬರುತ್ತೆ. ನೆಟ್ಟಗೆ ಮೇಲಕ್ಕೆ ಹೋದ ಪೈಪ್ ಫ್ಯಾನ್ ನಿಂತರೂ ಬಿಸಿ ಹೊಗೆಯನ್ನು ತಾನೇ ಎಳೆಯುತ್ತೆ. ಮಾಳಿಗೆಗೆ ಬೆಳಕಿಂಡಿ ಇರುತ್ತಲ್ವಾ? ಒಲೆಯನ್ನೇ ಅದರ ಕೆಳಗೆ ತನ್ನಿ. ಎಲ್ಬೋ, ಅಂದರೆ ಪೈಪಿನ ತಿರುವು, ಕಡಿಮೆ ಆದಷ್ಟು ಒಳ್ಳೇದು.

ಒಂಟಿ ಪದರದ ಪೈಪ್ ಕಟ್ಟಿಗೆಯಿಂದ 18 ಇಂಚು ದೂರ ಇರಬೇಕು. ಬೆಳಕಿಂಡಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅದಕ್ಕೇ ಮಾಳಿಗೆ ದಾಟುವ ಭಾಗಕ್ಕೆ ಒಲೆಗೆ ಅಂತಲೇ ಮಾಡಿದ ಎರಡು ಪದರದ ಪೈಪ್ ಹಾಕಿ. ಅದಕ್ಕೂ ಸುತ್ತ ಎಷ್ಟು ಖಾಲಿ ಬಿಡಬೇಕು ಅಂತ ಪೈಪಿನವರು ಬರೆದಿರುತ್ತಾರೆ, ಅಷ್ಟು ಬಿಡಲೇಬೇಕು. ಆ ಖಾಲಿ ಜಾಗಕ್ಕೆ ಬಟ್ಟೆ, ಹುಲ್ಲು, ಫೋಮ್ ಏನೂ ತುರುಕಬೇಡಿ, ಮೇಲೆ ತಗಡು ಮುಚ್ಚಿ. ಮಾಳಿಗೆ ಮೇಲೆ ಕನಿಷ್ಠ 3 ಅಡಿ ಎತ್ತರ ಬೇಕು. 10 ಅಡಿ ಒಳಗೆ ಯಾವುದಾದರೂ ಗೋಡೆ ಇದ್ದರೆ ಅದಕ್ಕಿಂತ 2 ಅಡಿ ಮೇಲೆ ಹೋಗಲಿ, ಇಲ್ಲಾಂದ್ರೆ ಗಾಳಿ ಹೊಗೆಯನ್ನು ಕೆಳಗೆ ತಳ್ಳುತ್ತೆ. ತುದಿಗೆ ಮಳೆ ಟೋಪಿ. ಜೋಡಣೆಗಳಿಗೆ ಬಿಸಿ ತಡೆಯುವ ಸಿಲಿಕಾನ್ ಹಚ್ಚಿಸಿ. ಪೈಪಿನ ಬುಡದಲ್ಲಿ ಮುಚ್ಚಳ ಇರುವ ಟೀ (T ಆಕಾರದ ಪೈಪ್ ತುಂಡು) ಇಡಿಸಿ, ಬಿದ್ದ ಬೂದಿ ಅಲ್ಲಿಂದಲೇ ತೆಗೆಯಬಹುದು.

ಧಾರವಾಡದಿಂದ:
ಅಣ್ಣಾವ್ರು ಹೇಳಿದ್ದು ಸರಿ. ನಾನೂ ಮೆಸ್ ನಡೆಸುವವಳು, ಒಂದು ಮಾತು ಸೇರಿಸುತ್ತೇನೆ. ಹೊಗೆ ಹೊರಗೆ ಹೋಗಬೇಕಾದರೆ ಗಾಳಿ ಒಳಗೆ ಬರಬೇಕು. ಹಳೇ ಮನೆಯ ಅಡುಗೆಮನೆಗೆ ಕಿಟಕಿ ಸಣ್ಣದು, ಮೇಲೆ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಬೇರೆ ಇದ್ದರೆ ಅದು ಪೈಪಿನ ಹೊಗೆಯನ್ನೇ ವಾಪಸ್ ಎಳೆದುಕೊಳ್ಳುತ್ತೆ. ಒಲೆ ಉರಿಯುವಾಗ ಕಿಟಕಿ ತೆಗೆದೇ ಇರಲಿ, ಚಳಿಗಾಲದಲ್ಲೂ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು ಬಂದರೆ ಅವ್ವ ತಕ್ಷಣ ಹೊರಗೆ ಬರಲಿ.

ಉರಿ ನೋಡುತ್ತಾ ಇರಿ. ಚುರುಕಾಗಿ ಬೆಳ್ಳಗೆ-ಹಳದಿಯಾಗಿ ಉರಿದರೆ ಸರಿ. ಕೆಂಪಗೆ, ಸೋಮಾರಿಯಾಗಿ ಮೇಲೆದ್ದು ಹಂಚಿನ ತಳಕ್ಕೆ ಮಸಿ ಹಿಡಿದರೆ ಗಾಳಿ ಸಾಲುತ್ತಿಲ್ಲ ಅಂತ. ಎಷ್ಟೋ ಸಲ ಉರಿಬಟ್ಟಲಿನ ತೂತುಗಳು ಬೂದಿಯಿಂದ ಕಟ್ಟಿರುತ್ತವೆ. ಒಲೆ ಪೂರ್ತಿ ಆರಿದ ಮೇಲೆ ದಿನಾ ಕೆರೆದು ತೆಗೆಯಿರಿ.

ಹಾವೇರಿಯಿಂದ:
ಪೆಲೆಟ್ ನೋಡಿ ತಗೊಳ್ಳಿ. ಶೇಂಗಾ ಸಿಪ್ಪೆಯದು ನಮ್ಮ ಕಡೆ ಸುಲಭಕ್ಕೆ ಸಿಗುತ್ತೆ, ಆದರೆ ಮರದ ಪುಡಿಯದಕ್ಕಿಂತ ಬೂದಿ ಜಾಸ್ತಿ. ಮಳೆಗಾಲದಲ್ಲಿ ಚೀಲವನ್ನು ನೆಲದ ಮೇಲೆ ಇಟ್ಟರೆ ತೇವ ಹಿಡಿದು ಉಬ್ಬಿ ಪುಡಿಯಾಗುತ್ತೆ, ಆಮೇಲೆ ಉರಿಯಲ್ಲ, ಬರೀ ಹೊಗೆ. ಹಲಗೆ ಮೇಲೆ ಇಡಿ, ಚೀಲದ ಬಾಯಿ ಕಟ್ಟಿ.

ಬೆಟಗೇರಿಯಿಂದ:
ತುಂಬಾ ಉಪಕಾರ ಆಯ್ತು. ಬೆಳಕಿಂಡಿ ಪಡಸಾಲೆಯಲ್ಲೂ ಇದೆ, ಅಡುಗೆಮನೆಯಲ್ಲೂ ಇದೆ. ಅಡುಗೆಮನೆಯದರ ಕೆಳಗೇ ಒಲೆ ಇಡುತ್ತೇವೆ. ಫ್ಯಾನ್‌ಗೆ ಇನ್ವರ್ಟರ್ ಬೇಕಾ?

ಹುಬ್ಬಳ್ಳಿಯಿಂದ:
ಒಲೆಯ ಹಿಂದಿನ ಚೀಟಿ ನೋಡಿ. 12 ವೋಲ್ಟ್ ಡಿಸಿ ಫ್ಯಾನ್ ಆದರೆ ಸಣ್ಣ ಬ್ಯಾಟರಿ ಸಾಕು. ಬೆಳಕಿಂಡಿಯಿಂದ ಹತ್ತಿರದ ಜಂತಿ ಎಷ್ಟು ಇಂಚು ದೂರ ಇದೆ ಅಂತ ಅಳತೆ ತೆಗೆದು ಇಲ್ಲಿ ಹಾಕಿ, ಅದನ್ನು ನೋಡಿಕೊಂಡೇ ಪೈಪ್ ತರೋದು.